ಕೆರೆಯಂಗಳದ ಶಿಲ್ಪಿ

ಗಾಲ್ಫ್ ಆಟವನ್ನು ನಮ್ಮ ಶ್ರೀರಾಮನಗರದಲ್ಲಿ ಕಣ್ಣಾರೆ ಕಂಡವರು ವಿರಳ. ಸಿರಿವಂತರು ಕೋಲಿನಿಂದ ಚೆಂಡನ್ನು ದೂರಕ್ಕೆ ಹೊಡೆದು, ಅದನ್ನೇ ಹುಡುಕುತ್ತ ನಡೆಯುವುದು ಈ ಆಟವೆಂದು ನಮ್ಮವರ ಕಲ್ಪನೆ. ಅದು ತೀರ ಸುಳ್ಳೂ ಅಲ್ಲ. ಆದರೆ ಆ ಚೆಂಡು ಉರುಳುವ ನೆಲವನ್ನು ರೂಪಿಸುವುದೇ ಒಂದು ವೃತ್ತಿಯೆಂಬುದೂ, ಅದರಲ್ಲಿ ಹೆಸರಾದ ಪೀಟರ್ ಥಾಮ್ಸನ್ನರ ಕೈ ಬೆಂಗಳೂರಿನ ಮಣ್ಣನ್ನೂ ಮುಟ್ಟಿದೆಯೆಂಬುದೂ ವಾಚಕರಿಗೆ ಸೋಜಿಗವೆನಿಸಬಹುದು.

ಥಾಮ್ಸನ್ನರು 1929ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದಲ್ಲಿ ಜನಿಸಿದರು. ಬ್ರಿಟಿಷ್ ಓಪನ್ ಪಂದ್ಯವನ್ನು 1954, 1955, 1956ರಲ್ಲಿ ಸತತವಾಗಿಯೂ, ಮುಂದೆ 1958 ಮತ್ತು 1965ರಲ್ಲಿಯೂ ಗೆದ್ದರು. 1964ರಲ್ಲಿ ಆರಂಭವಾದ ಇಂಡಿಯನ್ ಓಪನ್ನಿನ ಮೊದಲ ವಿಜೇತರೂ ಅವರೇ. ಗೆಲುವಿನ ಕತೆ ಇಷ್ಟು ಸಾಕು. ಬಳಿಕ ಮೈಕೆಲ್ ವುಲ್ವರಿಜ್ ಮೊದಲಾದ ಜೊತೆಗಾರರೊಡನೆ ಅವರು ನೂರಕ್ಕೂ ಮಿಕ್ಕಿ ಗಾಲ್ಫ್ ಬಯಲುಗಳನ್ನು ರಚಿಸಿದರು. ದಿಲ್ಲಿಯ ಹಳೆಯ ಬಯಲನ್ನು 1970ರ ದಶಕದಲ್ಲಿ ತಿದ್ದಿದರು.

ಅವರ ಊರಿನಲ್ಲಿಯೇ ಈ ವಿದ್ಯೆಗೆ ಒಂದು ದೊಡ್ಡ ಮೇಲ್ಪಂಕ್ತಿಯಿತ್ತು. ಅಲಿಸ್ಟರ್ ಮೆಕೆಂಜಿ ಎಂಬಾತ ಮೂಲತಃ ವೈದ್ಯ. ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಬೋಯರ್ ಜನರು ತಮ್ಮ ಕಂದಕಗಳನ್ನು ನೆಲದೊಡನೆ ನೆಲವಾಗಿ ಮರೆಮಾಡುವುದನ್ನು ಕಂಡು, ಆ ಉಪಾಯವನ್ನೇ ಆಟದ ಬಯಲಿಗೆ ತಂದ. ಮನುಷ್ಯ ಸುರಿದ ಮಣ್ಣು ಪ್ರಕೃತಿಯೇ ಇಟ್ಟ ದಿಬ್ಬದಂತೆ ಕಾಣಬೇಕು! ಆತ 1926ರಲ್ಲಿ ಮೆಲ್ಬೋರ್ನಿಗೆ ಬಂದು ರಾಯಲ್ ಮೆಲ್ಬೋರ್ನ್ ಬಯಲಿನ ನಕ್ಷೆ ಹಾಕಿದ.

ಇದನ್ನು ಓದುವಾಗ ನನಗೆ ನಮ್ಮ ಕ್ಯಾಂಪಿನ ಗದ್ದೆಗಳೇ ಕಣ್ಣ ಮುಂದೆ ಬಂದುವು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ, ಆಂಧ್ರದ ಕರಾವಳಿಯಿಂದ ಬಂದ ರೈತರು ಇಲ್ಲಿಯ ಏರುತಗ್ಗಿನ ಬಯಲನ್ನು ಕಡಿದು, ಬದು ಹಾಕಿ, ಹಲಗೆ ಹೊಡೆದು ಸಮ ಮಾಡಿದರು. ಮಡಿಯ ಈ ಮೂಲೆಯಲ್ಲಿಯೂ ಆ ಮೂಲೆಯಲ್ಲಿಯೂ ನೀರು ಒಂದೇ ಮಟ್ಟಕ್ಕೆ ನಿಲ್ಲಬೇಕು. ಗೇಣು ಏರಿದ್ದರೂ ಅಲ್ಲಿ ಬತ್ತ ಒಣಗುತ್ತದೆ. ಗಾಲ್ಫ್ ಶಿಲ್ಪಿ ಇದಕ್ಕೆ ತದ್ವಿರುದ್ಧ. ಅವನಿಗೆ ಏರು ಬೇಕು, ತಗ್ಗು ಬೇಕು. ನೀರು ನಿಲ್ಲದೆ ಜಾರಿಹೋಗಬೇಕು. ಇಬ್ಬರೂ ಮಣ್ಣಿನ ಕೆಲಸಗಾರರೇ. ಒಬ್ಬನ ಹೆಸರು ಫಲಕದ ಮೇಲೆ ಏರುತ್ತದೆ. ಇನ್ನೊಬ್ಬನದು ಹೆಚ್ಚೆಂದರೆ ಪಹಣಿಯಲ್ಲಿ.

ಬೆಂಗಳೂರಿನಲ್ಲಿ ಗಾಲ್ಫ್ ಹೊಸದಲ್ಲ; ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದು. ಥಾಮ್ಸನ್ನರ ತಂಡ ರಚಿಸಿದ್ದು ದೊಮ್ಮಲೂರಿನ ಬಳಿಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ 18 ಕುಳಿಗಳ ಬಯಲನ್ನು. ಅದು ಹಬ್ಬಿರುವುದು ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಈ ಒಂದು ಸಂಗತಿ ನನ್ನನ್ನು ಕಾಡಿದಷ್ಟು ಅವರ ಐದು ಬಹುಮಾನಗಳು ಕಾಡಲಿಲ್ಲ. ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪಲಿಲ್ಲವೆಂದು ರೈತರು ರಸ್ತೆಗಿಳಿಯುವ ಸೀಮೆಯವನು ನಾನು. ಕೆರೆಯೆಂದರೆ ನನಗೆ ಆಟದ ಮಾತಲ್ಲ. ಆದರೂ ಥಾಮ್ಸನ್ನರನ್ನು ದೂರುವುದು ನ್ಯಾಯವಲ್ಲ. ನೆಲವನ್ನು ಯಾವುದಕ್ಕೆ ಕೊಡಬೇಕೆಂಬ ತೀರ್ಮಾನ ಶಿಲ್ಪಿಯದಲ್ಲ, ಕೊಟ್ಟವರದು.

2018ರಲ್ಲಿ ಥಾಮ್ಸನ್ನರು ತೀರಿಕೊಂಡರು. ಬೆಂಗಳೂರಿಗೆ ಹೋದಾಗ ಆ ಬಯಲನ್ನು ಬೇಲಿಯಾಚೆಯಿಂದಲಾದರೂ ನೋಡಬೇಕೆಂದಿದ್ದೇನೆ. ಕೆರೆಯ ತೂಬು ಎಲ್ಲಿತ್ತು, ಅದರ ಕೆಳಗೆ ಯಾರ ಗದ್ದೆಗಳಿದ್ದುವು ಎಂದು ಅಲ್ಲಿಯ ಹಿರಿಯರನ್ನು ಕೇಳಬೇಕು.