ಮಸಿ ಕರಗಲಿಲ್ಲ, ಹರಡಿತು

ಮಕ್ಕಳೇ, ನಮ್ಮ ಕನ್ನಡದಲ್ಲಿ ‘ಮಸಿ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ದೀಪದ ಮೇಲೆ ಹಿಡಿದ ತಟ್ಟೆಗೆ ಹತ್ತುವ ಕಪ್ಪು ಪುಡಿಯೂ ಮಸಿ, ಬರೆಯುವ ಶಾಯಿಯೂ ಮಸಿ. ಹಿಂದಿನವರು ಆ ಪುಡಿಯಿಂದಲೇ ಶಾಯಿ ಮಾಡುತ್ತಿದ್ದರು. ಈ ಮಸಿಯ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಅದನ್ನು ತಿದ್ದಿದ ಒಬ್ಬ ಹುಡುಗಿಯನ್ನೂ ಇಲ್ಲಿ ನೆನೆಯುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಮದ್ದೂರಿನಲ್ಲಿ ಶಿಕ್ಷಕರಿಗೆ ತರಬೇತಿ ಇತ್ತು. ನಾನು ಎರಡು ಬಾಟಲಿಗಳಲ್ಲಿ ನೀರು ತೆಗೆದುಕೊಂಡೆ. ಒಂದಕ್ಕೆ ದೀಪದ ಮಸಿಯನ್ನು ಹಾಗೆಯೇ ಹಾಕಿದೆ. ಎಷ್ಟು ಕುಲುಕಿದರೂ ಅದು ಗಂಟುಗಂಟಾಗಿ ಮೇಲೆಯೇ ತೇಲಿತು. ಇನ್ನೊಂದಕ್ಕೆ ಹಾಕುವ ಮಸಿಯನ್ನು ಮೊದಲು ಜಾಲಿ ಮರದ ಅಂಟು ನೆನೆಸಿದ ನೀರಿನಲ್ಲಿ ಚೆನ್ನಾಗಿ ಅರೆದೆ. ಆಮೇಲೆ ನೀರಿಗೆ ಬೆರೆಸಿದೆ. ನೀರೆಲ್ಲ ಒಂದೇ ಸಮನೆ ಕಪ್ಪಾಯಿತು. “ನೋಡಿ, ಅಂಟು ಸೇರಿದರೆ ಮಸಿ ನೀರಿನಲ್ಲಿ ಕರಗುತ್ತದೆ” ಎಂದೆ. ಸುಮಾರು ನಲವತ್ತು ಜನ ಶಿಕ್ಷಕರು ಅದನ್ನು ಬರೆದುಕೊಂಡರು.

ಮೂರು ದಿನಗಳ ನಂತರ ಅದೇ ಬಾಟಲಿಗಳನ್ನು ಚೀಲದಲ್ಲಿಟ್ಟುಕೊಂಡು ಮಳವಳ್ಳಿ ತಾಲ್ಲೂಕಿನ ಒಂದು ಶಾಲೆಗೆ ಹೋದೆ. ಅದೇ ಪಾಠ, ಅದೇ ಮಾತು. ಏಳನೇ ತರಗತಿಯ ಹುಡುಗಿಯೊಬ್ಬಳು ಬಾಟಲಿಯನ್ನು ಕೈಗೆ ತೆಗೆದುಕೊಂಡು ಮೆಲ್ಲಗೆ ಓರೆ ಮಾಡಿದಳು.

“ಸಾರ್, ಉಪ್ಪು ಕರಗಿದ್ರೆ ತಳಕ್ಕೆ ಇಳಿಯಾಕಿಲ್ಲ. ಇದ್ಯಾಕೆ ಇಳ್ದದೆ?”

ನೋಡಿದೆ. ತಳದಲ್ಲಿ ತೆಳುವಾಗಿ ಕಪ್ಪು ಕೂತಿತ್ತು. “ಅದೇನೋ ಕಸ ಇರಬೇಕು, ಕೂತ್ಕೊಳಮ್ಮ” ಎಂದುಬಿಟ್ಟೆ. ಅವಳು ಕೂತಳು. ಆ ದಿನ ಮತ್ತೆ ಕೈ ಎತ್ತಲಿಲ್ಲ.

ಸಂಜೆ ಮಂಡ್ಯಕ್ಕೆ ಬರುವ ಬಸ್ಸಿನಲ್ಲಿ ನನಗೆ ಸಮಾಧಾನವಿರಲಿಲ್ಲ. ಎಂ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವನು ನಾನು. ಅವಳು ಹೇಳಿದ್ದು ಸರಿ ಎಂದು ಗೊತ್ತಿತ್ತು. ಉಪ್ಪು ಕರಗಿದಾಗ ಅದರ ಕಣಗಳು ಒಂದೊಂದಾಗಿ ಬಿಡಿಬಿಡಿಯಾಗಿ ನೀರಿನಲ್ಲಿ ಬೆರೆಯುತ್ತವೆ. ಎಷ್ಟು ದಿನ ಇಟ್ಟರೂ ಕೆಳಗೆ ಕೂರುವುದಿಲ್ಲ. ಮಸಿ ಹಾಗಲ್ಲ. ಅದರ ಒಂದೊಂದು ಕಣದಲ್ಲೂ ಲಕ್ಷಗಟ್ಟಲೆ ಇಂಗಾಲದ ಪರಮಾಣುಗಳಿರುತ್ತವೆ. ಅಂಟು ಆ ಕಣಗಳ ಮೈಗೆ ಹೊದಿಕೆಯಂತೆ ಸುತ್ತಿಕೊಂಡು, ಒಂದು ಇನ್ನೊಂದಕ್ಕೆ ಅಂಟದಂತೆ ದೂರ ಇಡುತ್ತದೆ, ಅಷ್ಟೆ. ಸಣ್ಣ ಕಣಗಳು ತೇಲುತ್ತಾ ಇರುತ್ತವೆ, ದಪ್ಪ ಕಣಗಳು ನಿಧಾನವಾಗಿ ಇಳಿಯುತ್ತವೆ. ಇಂಥ ಮಿಶ್ರಣಕ್ಕೆ ‘ಕಲಿಲ’ ಎನ್ನುತ್ತೇವೆ. ಮಸಿ ಕರಗಿರಲಿಲ್ಲ, ಹರಡಿತ್ತು.

ಇದು ಬರೀ ಪದಗಳ ಜಗಳವಲ್ಲ. ಈ ವ್ಯತ್ಯಾಸದ ಮೇಲೆಯೇ ಇಂದಿನ ಒಂದು ದೊಡ್ಡ ವಿಜ್ಞಾನ ನಿಂತಿದೆ.

ಇಂಗಾಲದ ಪರಮಾಣುಗಳು ಜೇನುಗೂಡಿನಂತೆ ಆರು ಮೂಲೆಗಳ ಮನೆ ಕಟ್ಟಿಕೊಂಡು ಒಂದು ಹಾಳೆಯಾಗಿವೆ ಎಂದುಕೊಳ್ಳಿ. ಆ ಹಾಳೆಯನ್ನು ಚಾಪೆಯಂತೆ ಸುತ್ತಿದರೆ ಕೊಳವೆಯಾಗುತ್ತದೆ. ಇದೇ ಇಂಗಾಲದ ನ್ಯಾನೋ ಕೊಳವೆ. ಜಪಾನಿನ ಸುಮಿಯೊ ಐಜಿಮಾ 1991ರಲ್ಲಿ ಇದರ ಬಗ್ಗೆ ಪ್ರಕಟಿಸಿದ ಮೇಲೆ ಜಗತ್ತೆಲ್ಲ ಇದರತ್ತ ತಿರುಗಿತು. ಒಂಟಿ ಪದರದ ಕೊಳವೆಯ ಅಗಲ ಸುಮಾರು 1 ನ್ಯಾನೋಮೀಟರ್, ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಇಷ್ಟು ಸಣ್ಣದಾದರೂ ಬಹಳ ಗಟ್ಟಿ.

ಆದರೆ ತೊಂದರೆ ಎರಡು. ಮೊದಲನೆಯದು, ಈ ಕೊಳವೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಸೌದೆ ಹೊರೆಯಂತೆ ಕಂತೆಯಾಗುತ್ತವೆ. ನೀರಿಗೆ ಹಾಕಿದರೆ ನಮ್ಮ ಮೊದಲ ಬಾಟಲಿಯ ಗತಿಯೇ. 2002ರಲ್ಲಿ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದಲ್ಲಿ ರಾಜ್‌ದೀಪ್ ಬಂದ್ಯೋಪಾಧ್ಯಾಯ ಮತ್ತು ಅವರ ಸಂಗಡಿಗರು ಇದಕ್ಕೆ ಬಳಸಿದ್ದು ಏನು ಗೊತ್ತೇ? ಮರದ ಅಂಟು! ನಮ್ಮ ಜಾಲಿಯ ಬಳಗದ ಮರದಿಂದ ಬರುವ ಗೋಂದು. ಅದನ್ನು ಸೇರಿಸಿದಾಗ ಕೊಳವೆಗಳು ಕಂತೆ ಬಿಚ್ಚಿ ಬಿಡಿಬಿಡಿಯಾಗಿ ನೀರಿನಲ್ಲಿ ನಿಂತವು. ಹಳೆಯ ಕಾಲದ ಮಸಿಕುಡಿಕೆಯ ಉಪಾಯವೇ ಹೊಸ ಪ್ರಯೋಗಾಲಯದಲ್ಲೂ ಕೆಲಸಕ್ಕೆ ಬಂತು.

ಎರಡನೆಯ ತೊಂದರೆ ಇನ್ನೂ ಕಠಿಣ. ಹಾಳೆ ಯಾವ ಓರೆಯಲ್ಲಿ ಸುತ್ತಿದೆ ಎಂಬುದರ ಮೇಲೆ ಕೊಳವೆಯ ಗುಣ ಬದಲಾಗುತ್ತದೆ. ತಯಾರಾದ ರಾಶಿಯಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ಲೋಹದಂತೆ ವಿದ್ಯುತ್ ಹರಿಸುತ್ತವೆ, ಎರಡು ಪಾಲು ಅರೆವಾಹಕಗಳು. ಟ್ರಾನ್ಸಿಸ್ಟರಿಗೆ ಅರೆವಾಹಕವೇ ಬೇಕು, ನಡುವೆ ಲೋಹದ ಗುಣದ್ದು ಸೇರಿದರೆ ಕೆಲಸ ಕೆಡುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸೋಣವೆಂದರೆ ಕಣ್ಣಿಗೇ ಕಾಣುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಬೇರ್ಪಡಿಸುವ ಕೆಲಸ ಹೊಸದಲ್ಲ. 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯನ್ನು ನೀವು ಬಲ್ಲಿರಿ. ಸಕ್ಕರೆ ಕಾರ್ಖಾನೆಗಳಲ್ಲಿ ಹರಳು ಮತ್ತು ಕಾಕಂಬಿಯ ಮಿಶ್ರಣವನ್ನು ತೂತುಗಳಿರುವ ಬುಟ್ಟಿಯಲ್ಲಿ ಹಾಕಿ ಗಿರ್ರನೆ ತಿರುಗಿಸುತ್ತಾರೆ. ಕಾಕಂಬಿ ತೂತಿನಿಂದ ಹೊರಗೆ ಸಿಡಿಯುತ್ತದೆ, ಹರಳು ಉಳಿಯುತ್ತದೆ. 2006ರಲ್ಲಿ ಅಮೆರಿಕದ ಮಾರ್ಕ್ ಹರ್ಸಮ್ ಅವರ ತಂಡ ನ್ಯಾನೋ ಕೊಳವೆಗಳನ್ನೂ ತಿರುಗಿಸಿಯೇ ಬೇರ್ಪಡಿಸಿತು. ಅಲ್ಲಿ ತೂತಿನ ಬುಟ್ಟಿ ಇರಲಿಲ್ಲ. ಮೇಲಿನಿಂದ ಕೆಳಕ್ಕೆ ಸಾಂದ್ರತೆ ಹೆಚ್ಚುತ್ತಾ ಹೋಗುವ ದ್ರವದಲ್ಲಿ, ಒಂದೊಂದು ಬಗೆಯ ಕೊಳವೆ ಒಂದೊಂದು ಎತ್ತರದಲ್ಲಿ ಬಣ್ಣದ ಪಟ್ಟಿಯಾಗಿ ನಿಂತಿತು.

ತಿರುಗಿಸದೆಯೂ ಆದೀತೇ? ಆದೀತು ಎಂದು ತೋರಿಸಿದವರು ನಮ್ಮ ಬೆಂಗಳೂರಿನವರೇ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ವಿಧಾನವದು. ದ್ರವದಲ್ಲಿ ಹರಡಿದ ಕೊಳವೆಗಳಿಗೆ ಅವರು ಕೊರೊನೀನ್ ಎಂಬ ಇಂಗಾಲದ ಸಂಯುಕ್ತದಿಂದ ಪಡೆದ ಒಂದು ಪೊಟ್ಯಾಸಿಯಂ ಲವಣ ಸೇರಿಸಿದರು. ಅದು ಲೋಹದ ಗುಣದ ಕೊಳವೆಗಳನ್ನು ಹುಡುಕಿ ಹಿಡಿಯಿತು. ಅವು ತಳಕ್ಕೆ ಇಳಿದವು, ಅರೆವಾಹಕಗಳು ದ್ರವದಲ್ಲೇ ಉಳಿದವು.

ಇದನ್ನು ಓದಿದಾಗ ನನಗೆ ಆಲೆಮನೆ ನೆನಪಾಯಿತು. ಕುದಿಯುವ ಕಬ್ಬಿನ ಹಾಲಿಗೆ ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆ ಹಾಕುತ್ತಾರಲ್ಲ? ಆ ಲೋಳೆ ಕೊಳೆಯ ಕಣಗಳನ್ನು ಒಟ್ಟುಗೂಡಿಸಿ ಮೇಲಕ್ಕೆ ತರುತ್ತದೆ, ಹಾಲು ತಿಳಿಯಾಗುತ್ತದೆ. ಜಾಲಿಯ ಅಂಟು ಕಣಗಳನ್ನು ದೂರ ಇಟ್ಟರೆ, ಬೆಂಡೆಯ ಲೋಳೆ ಹತ್ತಿರ ತರುತ್ತದೆ. ಯಾವುದನ್ನು ಬಿಡಿಸಬೇಕು, ಯಾವುದನ್ನು ಕೂಡಿಸಬೇಕು ಎಂದು ತಿಳಿಯುವುದೇ ಇಲ್ಲಿನ ಜಾಣತನ.

ಈಗ ಹೇಳಿ, ತಳಕ್ಕೆ ಇಳಿದ ಕಪ್ಪನ್ನು ‘ಕಸ’ ಎಂದು ತಳ್ಳಿಬಿಟ್ಟವನಿಗೆ ಇದೆಲ್ಲ ಅರ್ಥವಾದೀತೇ?

ನಾನು ತರಬೇತಿಗೆ ಬಂದಿದ್ದ ಶಿಕ್ಷಕರಿಗೆಲ್ಲ ಒಂದು ಕಾಗದ ಬರೆದೆ: “ನಾನು ಹೇಳಿದ್ದು ತಪ್ಪು. ಕರಗುತ್ತದೆ ಎಂಬಲ್ಲಿ ಹರಡುತ್ತದೆ ಎಂದು ತಿದ್ದಿಕೊಳ್ಳಿ.” ಮುಂದಿನ ವಾರ ಮತ್ತೆ ಆ ಶಾಲೆಗೆ ಹೋದೆ. ಎಲ್ಲರ ಮುಂದೆ, “ಅವತ್ತು ನೀನು ಹೇಳಿದ್ದೇ ಸರಿ ಕಣಮ್ಮ, ತಪ್ಪು ನನ್ನದು” ಎಂದೆ. ಅವಳು ತಲೆ ತಗ್ಗಿಸಿ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು ಕೈ ಎತ್ತಿದಳು.

“ಸಾರ್, ಹಂಗಾರೆ ಹಾಲು ಕರಗಿರದಾ, ಹರಡಿರದಾ?”

ಉತ್ತರವನ್ನು ನಾನು ಹೇಳಲಿಲ್ಲ. ನೀವೂ ಕೇಳಬೇಡಿ, ಮಾಡಿ ನೋಡಿ. ಒಂದು ಲೋಟ ಉಪ್ಪು ನೀರು, ಇನ್ನೊಂದು ಲೋಟ ನೀರಿಗೆ ನಾಲ್ಕು ಹನಿ ಹಾಲು ತೆಗೆದುಕೊಳ್ಳಿ. ಕತ್ತಲೆ ಕೋಣೆಯಲ್ಲಿ ಪಕ್ಕದಿಂದ ಟಾರ್ಚ್ ಬಿಡಿ. ಬೆಳಕಿನ ದಾರಿ ಯಾವ ಲೋಟದಲ್ಲಿ ಕಾಣುತ್ತದೆ? ಮಸಿಯ ಪ್ರಯೋಗವನ್ನು ಮಾತ್ರ ಶಿಕ್ಷಕರ ಜೊತೆಯಲ್ಲೇ ಮಾಡಿ, ಪುಡಿ ಮೂಗಿಗೆ ಹೋಗದಂತೆ ಎಚ್ಚರವಹಿಸಿ. ಮೂರು ದಿನ ಬಿಟ್ಟು ಬಾಟಲಿಯ ತಳವನ್ನು ನೋಡುವುದನ್ನು ಮರೆಯಬೇಡಿ.