ಕುಂಚ ತೊಳೆದಿಟ್ಟಾಗಲೇ ಕಾಯಕ ಪೂರ್ಣ



ಕೊಟ್ಟೂರಿನ ಶ್ರೀ ಗುರುಬಸವೇಶ್ವರರ ರಥೋತ್ಸವವು ಮಾಘ ಮಾಸದಲ್ಲಿ ಜರುಗುವುದು ತಮಗೆಲ್ಲ ತಿಳಿದದ್ದೇ. ತೇರು ಸಮೀಪಿಸಿದಂತೆ ಊರಿನ ಬಾಗಿಲುಗಳಿಗೂ ಅಂಗಡಿಗಳ ಫಲಕಗಳಿಗೂ ಹೊಸ ಬಣ್ಣ ಬರುತ್ತಿದ್ದ ಕಾಲವೊಂದಿತ್ತು. ಫ್ಲೆಕ್ಸ್ ಇನ್ನೂ ಬಂದಿರಲಿಲ್ಲ. ನನ್ನ ತಂದೆಯವರದು ಫಲಕ ಬರೆಯುವ ಕಾಯಕ.

ನನಗಾಗ ಹದಿನಾಲ್ಕು ವರ್ಷ. ತೇರಿನ ಹಿಂದಿನ ದಿನ ಕುಂಚಗಳನ್ನು ತೊಳೆದಿಡಲು ಹೇಳಿ ತಂದೆಯವರು ದರ್ಶನಕ್ಕೆ ಹೊರಟರು. ಜಾತ್ರೆಯ ಸಡಗರದಲ್ಲಿದ್ದ ನಾನು ಅವನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿ ಓಡಿದೆ. ಬೆಳಗ್ಗೆ ನೋಡಿದರೆ ಅಗಲ ಕುಂಚದ ಕೂದಲು ಕೊಕ್ಕೆಯಂತೆ ಬಾಗಿತ್ತು. ತಳಕ್ಕಿಳಿದ ಬಣ್ಣ ಅದರ ತುದಿಗೆ ಮೆತ್ತಿಕೊಂಡಿತ್ತು. ಅಂದೇ ಮುಗಿಸಿಕೊಡಬೇಕಾದ ಫಲಕವೊಂದು ಉಳಿದಿತ್ತು. ತಂದೆಯವರು ‘ಶ್ರೀ’ ಬರೆಯಹೋದರೆ ಗೆರೆ ಎರಡಾಗಿ ಸೀಳಿತು. ಅವರು ನನ್ನನ್ನು ಬೈಯಲಿಲ್ಲ. ಸಣ್ಣ ಕುಂಚದಿಂದ ಒಂದೊಂದು ಅಕ್ಷರವನ್ನೂ ಮೂರು ಮೂರು ಸಲ ತೀಡಿದರು. ಸಂಜೆ ತೇರು ಸಾಗುವಾಗ ಅವರು ಏಣಿಯ ಮೇಲಿದ್ದರು. ಜಯಘೋಷ ಕೇಳಿದತ್ತ ತಿರುಗಿ, ಬಣ್ಣದ ಕೈಗಳನ್ನೇ ಜೋಡಿಸಿದರು.

ರಾತ್ರಿ ಹತ್ತಿರ ಕರೆದು ಅಂದರು: “ತಮ್ಮಾ, ಬರದು ಮುಗಿಸಿದ್ರ ಅರ್ಧ ಕೆಲಸ. ಬ್ರಶ್ ತೊಳದಿಟ್ಟ ಮ್ಯಾಲೆ ಪೂರ್ತಿ.”

ಅವರು ಅಂದು ಕಲಿಸಿದ ಕ್ರಮ ಹೀಗಿದೆ. ಕೆಲಸ ಮುಗಿದೊಡನೆ ಉಳಿದ ಬಣ್ಣವನ್ನು ಬಟ್ಟೆಯಿಂದ ಬುಡದಿಂದ ತುದಿಯ ಕಡೆಗೆ ಒರೆಸಬೇಕು. ಎನಾಮೆಲ್ ಬಣ್ಣವಾದರೆ ಸೀಮೆಎಣ್ಣೆ ಅಥವಾ ಟರ್ಪೆಂಟೈನಿನಲ್ಲಿ ಎರಡು ಮೂರು ಸಲ, ಪ್ರತಿಸಲವೂ ಹೊಸದನ್ನು ಸುರಿದು, ಜಾಲಿಸಬೇಕು. ನೀರಿನ ಬಣ್ಣಕ್ಕೆ ನೀರೇ ಸಾಕು, ಆದರೆ ಅದು ಒಣಗಲು ಬಿಡಬಾರದು. ಅನಂತರ ಅಂಗೈಯಲ್ಲಿ ಸಾಬೂನು ಹಚ್ಚಿ, ನೊರೆ ಬೆಳ್ಳಗಾಗುವವರೆಗೆ ಮೃದುವಾಗಿ ಉಜ್ಜಿ ತೊಳೆಯಬೇಕು. ಕೂದಲು ತಗಡಿನ ಕಟ್ಟನ್ನು ಸೇರುವ ಬುಡದಲ್ಲಿ ಬಣ್ಣ ಉಳಿದು ಗಟ್ಟಿಯಾದರೆ ಕುಂಚ ಕೆದರಿಹೋಗುತ್ತದೆ. ಕುಂಚಗಳು ಕೆಡುವುದು ಹೆಚ್ಚಾಗಿ ಅಲ್ಲಿಂದಲೇ. ಬಿಸಿನೀರು ಬೇಡ, ಕೂದಲನ್ನು ಹಿಡಿದಿರುವ ಅಂಟು ಸಡಿಲಾಗುತ್ತದೆ.

ತೊಳೆದ ಮೇಲೆ ತುದಿಯನ್ನು ಬೆರಳಿನಿಂದ ಮೊದಲಿನ ಆಕಾರಕ್ಕೆ ತಂದು, ಅಡ್ಡಲಾಗಿ ಮಲಗಿಸಿ ಒಣಗಿಸಬೇಕು. ಒದ್ದೆ ಕುಂಚವನ್ನು ತುದಿ ಮೇಲಾಗಿ ನಿಲ್ಲಿಸಿದರೆ ನೀರು ಕಟ್ಟಿನೊಳಕ್ಕೆ ಇಳಿದು ಹಿಡಿಯ ಮರ ಉಬ್ಬುತ್ತದೆ. ಪೂರ್ಣ ಒಣಗಿದ ಮೇಲೆ ನಿಲ್ಲಿಸಿದರೆ ದೋಷವಿಲ್ಲ. ಬಹುದಿನ ಮುಚ್ಚಿಡುವುದಾದರೆ ನುಸಿ ಹತ್ತದಂತೆ ಒಣಗಿದ ಬೇವಿನೆಲೆಯನ್ನು ಜೊತೆಗಿಡುತ್ತಿದ್ದರು.

ಬಾಗಿದ ಆ ಕುಂಚಕ್ಕೆ ಸಾಬೂನಿನ ನೊರೆ ಹಚ್ಚಿ, ನೇರಗೊಳಿಸಿ, ಕಾಗದ ಸುತ್ತಿ ಕೆಲವು ದಿನ ಬಿಟ್ಟರು. ಬಾಗು ಬಹುಮಟ್ಟಿಗೆ ಹೋಯಿತು. ಆದರೆ ಬುಡದಲ್ಲಿ ಒಣಗಿದ ಬಣ್ಣ ಹೋಗಲಿಲ್ಲ. ಅದು ಮತ್ತೆಂದೂ ಅಕ್ಷರ ಬರೆಯಲಿಲ್ಲ. ಧೂಳು ಕೊಡಹಲು ಉಳಿಯಿತು.

ಬಂಧುಗಳೇ, ಕುಂಚದ ಕೂದಲು ಕೂಡ ಒಂದು ಜೀವಿಯದಾಗಿರಬಹುದು ಎಂಬುದನ್ನು ನಾವು ಮರೆಯುತ್ತೇವೆ. ಮುಂಗುಸಿಯ ಕೂದಲಿನ ಕುಂಚಕ್ಕಾಗಿ ಆ ಪ್ರಾಣಿಗಳನ್ನು ಕೊಲ್ಲುತ್ತ ಬಂದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ. ಅಂಥ ಕುಂಚವನ್ನು ಕೊಳ್ಳದಿರುವುದು, ನೈಲಾನಿನದಾದರೂ ಇರುವುದನ್ನೇ ಜೋಪಾನ ಮಾಡಿ ಬಹುಕಾಲ ಬಳಸುವುದು ದಯೆಯ ಮಾರ್ಗ.

ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಶರಣರಿಗೆ ಕಾಯಕವು ಪೂಜೆಗಿಂತ ಬೇರೆಯಾಗಿರಲಿಲ್ಲ. ಪೂಜೆ ಮುಗಿದ ಮೇಲೆ ಇಷ್ಟಲಿಂಗವನ್ನು ನಾವು ಎಲ್ಲೆಂದರಲ್ಲಿ ಇಡುತ್ತೇವೆಯೇ? ದಣಿದಾಗ ‘ನಾಳೆ ತೊಳೆದರಾಯಿತು’ ಎನ್ನುತ್ತದೆ ಮನಸ್ಸು. ಕುಂಚವಾದರೋ ರಾತ್ರಿ ಹೇಗೆ ಬಿಟ್ಟೆವೋ ಬೆಳಗ್ಗೆ ಹಾಗೆಯೇ ಇರುತ್ತದೆ. ಮನಸ್ಸೂ ಹಾಗೆಯೇ ಅಲ್ಲವೇ?

ತಂದೆಯವರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಅವರ ಕುಂಚಗಳು ನನ್ನಲ್ಲಿವೆ, ಧೂಳು ಕೊಡಹುವ ಆ ಕುಂಚವೂ ಇದೆ. ಸಂಜೆ ಕುಂಚ ತೊಳೆದು, ಕೈ ಶುದ್ಧಮಾಡಿಕೊಂಡು ಪೂಜೆಗೆ ಕೂಡುತ್ತೇನೆ. ಸಾಬೂನಿನ ನೊರೆ ಹಿಡಿದಿದ್ದ ಅದೇ ಅಂಗೈ ಆಗ ಇಷ್ಟಲಿಂಗಕ್ಕೆ ಪೀಠವಾಗುತ್ತದೆ. ಏಣಿಯ ಮೇಲೆ ಜೋಡಿಸಿದ ಆ ಬಣ್ಣದ ಕೈಗಳು ನೆನಪಾಗುತ್ತವೆ.