ಮೂರನೇ ಸಲಕ್ಕೇ ತೆರೆದುಕೊಂಡ ಬೀಗ

ನಮ್ಮ ಮನೆಯಲ್ಲಿ ನನ್ನ ಫೋನು ಅಂದರೆ ಊರ ಬಾವಿ ಇದ್ದ ಹಾಗೆ. ಯಾರು ಬೇಕಾದರೂ ಬಂದು ಸೇದಬಹುದು. ಮೈದುನನ ಮಕ್ಕಳಿಗೆ ಆಟ, ಅತ್ತೆಯವರಿಗೆ ಭಜನೆ, ನಮ್ಮವರಿಗೆ ತಮ್ಮ ಫೋನಿನ ಚಾರ್ಜು ಮುಗಿದಾಗ ಕ್ರಿಕೆಟ್ಟು. ಮುಚ್ಚಿಡುವಂಥದ್ದು ನನ್ನ ಹತ್ತಿರ ಏನಿತ್ತು ಹೇಳಿ!

ಇತ್ತು, ಒಂದಿಷ್ಟು. ಸೀರೆಗೆ ಫಾಲ್ ಹಚ್ಚಿ, ಬೇಸಿಗೆಯಲ್ಲಿ ಹಪ್ಪಳ ಮಾಡಿಕೊಟ್ಟು ಕೂಡಿಟ್ಟ 15,000 ರೂಪಾಯಿ. ಬೆಂಗಳೂರಿನಲ್ಲಿ ಓದುವ ಮಗ, "ಅಮ್ಮಾ, ಸಾಸಿವೆ ಡಬ್ಬಿಯಲ್ಲಿಟ್ಟ ದುಡ್ಡು ಮರಿ ಹಾಕುತ್ತಾ?" ಎಂದು ನಗಾಡಿ, ಅದರಲ್ಲಿ ಬಿಟ್‌ಕಾಯಿನ್ ಕೊಂಡು ನನ್ನ ಫೋನಿನಲ್ಲೇ ಒಂದು ವಾಲೆಟ್ ಹಾಕಿಕೊಟ್ಟ. ಅದು ಸರ್ಕಾರದ ನಾಣ್ಯವಲ್ಲ, ಬೆಲೆ ಏರುತ್ತೆ, ಇಳಿಯುತ್ತೆ, ಲಾಭ ಬಂದರೆ 2022ರಿಂದ ನೂರಕ್ಕೆ 30 ತೆರಿಗೆ ಅಂತಲೂ ಹೇಳಿದ. ನನಗೆ ಅರ್ಧ ತಿಳಿಯಿತು, ಅರ್ಧ ಮಗನ ಮೇಲಿನ ನಂಬಿಕೆ. "ಪಿನ್ ನಂಬರು ಮಾತ್ರ ನೀನೇ ಹಾಕು" ಅಂತ ಮುಖ ಆ ಕಡೆ ತಿರುಗಿಸಿಕೊಂಡ. ನಾನು ಅವನು ಹುಟ್ಟಿದ ವರ್ಷ ಒತ್ತಿದೆ. 2004. ಬೇರೆ ಯಾವ ನಂಬರು ತಾನೇ ತಾಯಿಗೆ ನೆನಪಿರುತ್ತೆ!

ಶ್ರಾವಣದಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಮನೆ ತುಂಬ ನೆಂಟರು. ನಾನು ಒಲೆ ಮುಂದೆ ಸಪಾದಕ್ಕೆ ರವೆ ಹುರಿಯುತ್ತಿದ್ದೆ, ಫೋನು ನಡುಮನೆಯ ಕಿಟಕಿಯಲ್ಲಿತ್ತು. ನಾಲ್ಕು ದಿನ ಬಿಟ್ಟು ಮಗ ವಾಲೆಟ್ ತೆರೆದರೆ ಅರ್ಧದಷ್ಟು ಇಲ್ಲ! ಪೂಜೆಯ ದಿನ ಮಧ್ಯಾಹ್ನ 1-40ಕ್ಕೆ, ನಾವು ಎಲೆ ಹಾಕುವ ಹೊತ್ತಿಗೆ, ಯಾವುದೋ ವಿಳಾಸಕ್ಕೆ ಹೋಗಿತ್ತು. ವಿಳಾಸ ಅಂದರೆ ಹೆಸರು, ಬೀದಿ ಇರುವುದಿಲ್ಲ, ಬರೀ ಅಕ್ಷರ, ಅಂಕಿಗಳ ಸರ. ಬ್ಯಾಂಕಾದರೆ ಮ್ಯಾನೇಜರ ಹತ್ತಿರ ಹೋಗಿ ಅಳಬಹುದು. ಇದರಲ್ಲಿ ಒಮ್ಮೆ ಕಳಿಸಿದ್ದನ್ನು ಹಿಂದಕ್ಕೆ ತರುವ ಅಧಿಕಾರ ಯಾರಿಗೂ ಇಲ್ಲವಂತೆ.

"ನಿನ್ನ ನಂಬರು ನಾನೂ ಹೇಳ್ತೀನಿ ನೋಡು" ಎಂದ ಮಗ. 1234 ಒತ್ತಿದ, ಆಗಲಿಲ್ಲ. ನಮ್ಮ ಮದುವೆ ವರ್ಷ ಒತ್ತಿದ, ಆಗಲಿಲ್ಲ. ಮೂರನೆಯದು 2004! ನನಗೆ ನಾಚಿಕೆಯಾಯಿತು. ನಾಲ್ಕಂಕಿಯಲ್ಲಿ ಹತ್ತು ಸಾವಿರ ನಂಬರು ಮಾಡಬಹುದು, ಆರಂಕಿಯಲ್ಲಿ ಹತ್ತು ಲಕ್ಷ. ಆದರೂ 2012ರಲ್ಲಿ ಯಾರೋ ಬಯಲಾಗಿದ್ದ ನಾಲ್ಕಂಕಿಯ ಗುಟ್ಟುಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರೆ, ನೂರರಲ್ಲಿ ಹತ್ತಕ್ಕೂ ಹೆಚ್ಚು ಬರೀ 1234 ಇತ್ತಂತೆ. ಹುಟ್ಟಿದ ವರ್ಷದವರೂ ಬಹಳ. ತಪ್ಪು ಒತ್ತಿದ್ದನ್ನು ಫೋನು ಎಣಿಸುತ್ತದೆ, ಆಮೇಲಾಮೇಲೆ ಕಾಯಿಸುತ್ತದೆ. ಲೆಡ್ಜರ್ ಅನ್ನುವ ಬೆರಳುದ್ದದ ಯಂತ್ರವಂತೂ ಮೂರು ಸಲ ತಪ್ಪಿದರೆ ಒಳಗಿರುವುದನ್ನೆಲ್ಲ ಅಳಿಸಿಬಿಡುತ್ತದೆ. ಆದರೆ ಮೂರನೇ ಊಹೆಗೇ ಸಿಕ್ಕುವ ನಂಬರಿಗೆ ಯಾವ ಎಣಿಕೆ ತಾನೇ ಕಾವಲು ಕಾದೀತು?

ಇನ್ನೊಂದು ಮಾತು, ಅಡಿಗೆಮನೆಯ ನಮಗೇ ಸೇರಿದ್ದು. ಎಣ್ಣೆ ಕೈಯಲ್ಲಿ ಒತ್ತುತ್ತೇವಲ್ಲ, ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಬೆರಳ ಗುರುತು ಕಾಣುತ್ತೆ. ನಾಲ್ಕು ಬೇರೆ ಬೇರೆ ಅಂಕಿ ಯಾವುವೆಂದು ತಿಳಿದರೆ, ಹಿಂದುಮುಂದು ಮಾಡಲು 24 ಬಗೆ ಅಷ್ಟೆ. ಹತ್ತು ಸಾವಿರ ಎಲ್ಲಿ, 24 ಎಲ್ಲಿ! ಈಗ ನಾನು ಸೆರಗಿನಿಂದ ಒರೆಸದೆ ಫೋನು ಕೆಳಗಿಡುವುದಿಲ್ಲ.

ಮಗ 1930ಕ್ಕೆ ದೂರು ಕೊಡೋಣ ಎಂದು ಹಟ ಹಿಡಿದ. ನಾನು ಬೇಡವೆಂದೆ. ಆ ಹೊತ್ತಿನಲ್ಲಿ ಊಟಕ್ಕೆ ಕೂರದೆ ನಡುಮನೆಯಲ್ಲೇ ಉಳಿದವರು ಯಾರೆಂದು ನನಗೆ ಗೊತ್ತು. ಎಲೆಗೆ ಬಡಿಸುತ್ತ ಹೋದವಳು ನಾನೇ ಅಲ್ಲವೇ, ಖಾಲಿ ಬಿದ್ದ ಎಲೆ ಯಾವುದೆಂದು ನೋಡಿದ್ದೆ. ನಮ್ಮವರಿಗೆ ಹೇಳಿದರೆ "ಮನೆಯವರ ಮೇಲೇ ಅನುಮಾನವಾ?" ಎಂದು ಎರಡು ದಿನ ಮಾತು ಬಿಟ್ಟರು. ಏಳು ಸಾವಿರ ಚಿಲ್ಲರೆಗೆ ನಾದಿನಿಯ ಮನೆ ಮುರಿಯುವುದೇ? ಆದರೂ ಈಗ ಆ ಹುಡುಗ ಬಂದು "ಅತ್ತೆ, ಫೋನು ಕೊಡಿ" ಎಂದರೆ ಕೈ ಹಿಂದೆಗೆಯುತ್ತದೆ. ಅದೇ ನನಗೆ ದುಡ್ಡಿಗಿಂತ ನೋವು.

ಈಗ ಹೊಸ ನಂಬರು, ಆರಂಕಿ, ಫೋನಿನ ಬೀಗಕ್ಕೇ ಬೇರೆ, ವಾಲೆಟ್ಟಿಗೇ ಬೇರೆ. ಮರೆತರೆ? ಅದೂ ಭಯವೇ. ಅಮೆರಿಕದ ಸ್ಟೀಫನ್ ಥಾಮಸ್ ಎಂಬವರು 7,002 ಬಿಟ್‌ಕಾಯಿನ್ನಿನ ಕೀಲಿ ಇದ್ದ ಒಂದು ಯಂತ್ರದ ಗುಟ್ಟು ಮರೆತು, ಇದ್ದ ಹತ್ತು ಅವಕಾಶದಲ್ಲಿ ಎಂಟನ್ನು ಕಳೆದುಕೊಂಡಿದ್ದರೆಂದು 2021ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಅವರು ಚೀಟಿ ಕಳೆದುಕೊಂಡಿದ್ದರು. ನನ್ನ ವಾಲೆಟ್ಟಿಗೂ ಒಂದು ಚೀಟಿ ಇದೆ, 12 ಇಂಗ್ಲಿಷ್ ಪದಗಳು. ಪಿನ್ ಮರೆತರೂ, ಫೋನು ಬಾವಿಗೆ ಬಿದ್ದರೂ, ಆ ಪದಗಳನ್ನು ಕ್ರಮವಾಗಿ ಹಾಕಿದರೆ ಎಲ್ಲವೂ ಬೇರೆ ಫೋನಿನಲ್ಲಿ ಬರುತ್ತೆ. ನಾನು ಮೊದಲು ಅವನ್ನು ಕನ್ನಡ ಅಕ್ಷರದಲ್ಲಿ, ಹಾಡಿನ ಪುಸ್ತಕದ ಹಿಂದೆ ಬರೆದಿಟ್ಟಿದ್ದೆ! ಸ್ಪೆಲ್ಲಿಂಗು ಸರಿಯಿರಬೇಕು ಎಂದು ಮಗ ತಲೆ ಚಚ್ಚಿಕೊಂಡು ಮತ್ತೆ ಬರೆಸಿದ.

ನಾಳೆ ನನಗೇನಾದರೂ ಆದರೆ ಎಂದು ಆ ಚೀಟಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ, ನನ್ನ ಧಾರೆ ಸೀರೆಯ ಮಡಿಕೆಯಲ್ಲಿದೆ ಎಂದು ನಮ್ಮವರಿಗೆ ತೋರಿಸಿದ್ದೇನೆ. ಅವರಿಗೆ ಅದರಲ್ಲಿ ಆಸಕ್ತಿಯಿಲ್ಲ. ಪಿನ್ ಹೇಳಲಿಲ್ಲ ಎಂಬ ಮುನಿಸು ಮಾತ್ರ ಇನ್ನೂ ಹೋಗಿಲ್ಲ. ಪಿನ್ ಫೋನಿನ ಬಾಗಿಲಿಗೆ ಅಷ್ಟೆ, ಇಡೀ ಮನೆಯ ಕೀಲಿಕೈ ಆ ಲಕೋಟೆಯಲ್ಲೇ ಇದೆ ಅಂತ ನಾನೂ ಇನ್ನೂ ಬಾಯಿ ಬಿಟ್ಟಿಲ್ಲ.